ಪದ್ಯಗಳನ್ನು ಪೋಣಿಸಿದ ಪಾಲ್ಗ್ರೇವ್

ಇಂಗ್ಲಿಷ್ ತರಗತಿಗೆ ಯಾವ ಪದ್ಯಗಳನ್ನು ಆರಿಸಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನಿಡಬೇಕು ಎಂಬುದು ಅಧ್ಯಾಪಕರ ಚಿಂತೆಯೆಂದು ನಾವು ವಿದ್ಯಾರ್ಥಿಗಳು ಸುಮ್ಮನಿರುತ್ತೇವೆ. ಈ ಕೆಲಸವೊಂದರಿಂದಲೇ ಹೆಸರು ಉಳಿಸಿಕೊಂಡವನು ಫ್ರಾನ್ಸಿಸ್ ಟರ್ನರ್ ಪಾಲ್ಗ್ರೇವ್.

1824ರಲ್ಲಿ ಗ್ರೇಟ್ ಯಾರ್ಮತ್‌ನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದನು. ತಂದೆ ಇತಿಹಾಸಕಾರ. 1850ರಿಂದ 1855ರವರೆಗೆ ಕ್ನೆಲ್ಲರ್ ಹಾಲ್‌ನಲ್ಲಿ ಉಪಪ್ರಾಂಶುಪಾಲನಾಗಿದ್ದನು. ಗತಿಯಿಲ್ಲದವರ ಸರ್ಕಾರಿ ಆಶ್ರಯಗಳಲ್ಲಿ ಬೆಳೆಯುವ ಮಕ್ಕಳಿಗಾಗಿ ಉಪಾಧ್ಯಾಯರನ್ನು ತಯಾರುಮಾಡಲೆಂದು ತೆರೆದ ಸಂಸ್ಥೆ ಅದು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಆದ್ದರಿಂದಲೋ ಏನೋ, ಆಕ್ಸ್‌ಫರ್ಡಿಗಿಂತ ಈ ಐದು ವರ್ಷಗಳೇ ನನಗೆ ದೊಡ್ಡವಾಗಿ ಕಾಣುತ್ತವೆ.

1860ರಲ್ಲಿ ಕವಿ ಟೆನಿಸನ್ನನೊಡನೆ ಕಾರ್ನ್‌ವಾಲ್ ಸುತ್ತುತ್ತಿದ್ದಾಗ ಸಂಕಲನದ ಯೋಚನೆ ಗಟ್ಟಿಯಾಯಿತು. ಮರುವರ್ಷ ‘ಗೋಲ್ಡನ್ ಟ್ರೆಷರಿ’ ಹೊರಬಂದಿತು. ಭಾವಗೀತೆಗಳಷ್ಟೇ, ಬದುಕಿರುವ ಕವಿಗಳು ಬೇಡ. ಹೀಗಾಗಿ ಟೆನಿಸನ್ನನೂ ಹೊರಗೆ! ನಾಲ್ಕು ಭಾಗಗಳು ಕಾಲಾನುಸಾರ. ಆದರೆ ಭಾಗದೊಳಗೆ ಕವಿಯ ಹೆಸರನ್ನೂ ಇಸವಿಯನ್ನೂ ಬದಿಗಿಟ್ಟು, ಭಾವಕ್ಕೆ ಭಾವ, ವಿಷಯಕ್ಕೆ ವಿಷಯ ಕೂಡುವಂತೆ ಪೋಣಿಸಿದನು. ವಿರಹದ ಪದ್ಯ ಮತ್ತೊಂದು ವಿರಹದ ಪದ್ಯವನ್ನು ಕರೆಯುತ್ತದೆ. ಬರೆದವರಿಬ್ಬರೂ ಪರಸ್ಪರ ಕಂಡವರಲ್ಲ. ಪಾಠವನ್ನು ಹೀಗೆ ಹೂಡಿದರೆ ಕವಿಚರಿತ್ರೆ ಬಾಯಿಪಾಠವಿಲ್ಲದವನಿಗೂ ಕಾವ್ಯದ ಬಾಗಿಲು ತೆರೆಯುತ್ತದೆ.

ಆಯ್ಕೆಯೇನೋ ನಿರ್ದೋಷವಲ್ಲ. ಡನ್ ಇಲ್ಲ, ಮೊದಲ ಮುದ್ರಣದಲ್ಲಿ ಬ್ಲೇಕನೂ ಇಲ್ಲ. ಒಬ್ಬನ ರುಚಿ ಎಷ್ಟೋ ತಲೆಮಾರುಗಳ ತರಗತಿಗೆ ಬೇಲಿಯಾಯಿತೆಂಬ ದೂರನ್ನು ನಾನು ತಳ್ಳಿಹಾಕಲಾರೆ.

1885ರಿಂದ ಹತ್ತು ವರ್ಷ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದು, 1897ರಲ್ಲಿ ತೀರಿಕೊಂಡನು. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಗ್ರಹಕ್ಕೆ ಕನ್ನಡಿಸಿಕೊಂಡ ಅನೇಕ ಪದ್ಯಗಳು ಈ ಹೊತ್ತಗೆಯಲ್ಲಿವೆ. ಎರಡನ್ನೂ ಎದುರುಬದುರು ತೆರೆದಿಟ್ಟು ಓದಬಹುದು.