ಎರಡು ಸರ್ಕಾರಗಳ ಖಜಾನೆ ನೋಡಿದ ದಿವಾನ್ ಪೂರ್ಣಯ್ಯ

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆ ಕಡೆಯಿಂದ ಬರುವವರೂ ಹನೂರಿನ ಕಡೆಯಿಂದ ಬರುವವರೂ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಆದರೆ 1799ರಿಂದ 1956ರ ನವೆಂಬರ್ 1ರವರೆಗೆ ಈ ಊರುಗಳ ನಡುವೆ ಒಂದು ಗಡಿ ಇತ್ತು. ಯಳಂದೂರು ಮೈಸೂರಿಗೆ ಸೇರಿತ್ತು. ಕೊಳ್ಳೇಗಾಲ ಮತ್ತು ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಆ ಗಡಿ ಹುಟ್ಟಿದ ಕಾಲದಲ್ಲಿ ಮೈಸೂರಿನ ದಿವಾನರಾಗಿದ್ದು, ಮುಂದೆ ಯಳಂದೂರನ್ನು ಜಹಗೀರಾಗಿ ಪಡೆದವರು ಪೂರ್ಣಯ್ಯನವರು.

ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಇವರ ಹೆಸರು ಬಂದರೆ ಮಾತು ಬೇಗ ಬಿಸಿಯಾಗುತ್ತದೆ. ಮೀರ್ ಸಾದಿಕನ ಹೆಸರಿನ ಪಕ್ಕದಲ್ಲೇ ಇವರ ಹೆಸರನ್ನೂ ಇಡುವವರಿದ್ದಾರೆ. ಬೇರೆ ಮನೆಗಳಲ್ಲಿ ಇವರೇ ಮೈಸೂರನ್ನು ಉಳಿಸಿದ ಜಾಣ ದಿವಾನರು. ವಾಣಿಜ್ಯ ಓದುವ ನಾನು ಇವರನ್ನು ಲೆಕ್ಕದ ಪುಸ್ತಕದ ಕಡೆಯಿಂದ ನೋಡಲು ಪ್ರಯತ್ನಿಸಿದ್ದೇನೆ.

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಒಂದು ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಮನೆ ನಡೆಯಬೇಕಿತ್ತು. ಹುಡುಗ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಶ್ರೀರಂಗಪಟ್ಟಣದ ಅರಮನೆಗೆ ದಿನಸಿ ಒದಗಿಸುತ್ತಿದ್ದ ವ್ಯಾಪಾರಿಯೊಬ್ಬರ ಮೂಲಕ ಹೈದರಾಲಿಯವರ ಲೆಕ್ಕದ ಕಚೇರಿಗೆ ಬಂದರೆಂದು ಹೇಳುತ್ತಾರೆ. ನೆನಪಿನ ಶಕ್ತಿ, ಹಲವು ಭಾಷೆಗಳ ಜ್ಞಾನ, ತಪ್ಪಿಲ್ಲದ ಲೆಕ್ಕ, ಇವು ಅವರನ್ನು ಖಜಾನೆಯ ದೊಡ್ಡ ಅಧಿಕಾರಿಯ ಸ್ಥಾನಕ್ಕೆ ತಂದವು. ಜಮಾ, ಖರ್ಚು, ಬಾಕಿ, ವಸೂಲಿ, ಖಜಾನೆ, ಇವೆಲ್ಲ ನಾವು ಮನೆಯಲ್ಲಿ ಉರ್ದುವಿನಲ್ಲಿ ಆಡುವ ಮಾತುಗಳೇ. ಇವು ಕನ್ನಡದ ಲೆಕ್ಕಕ್ಕೂ ಬಂದು ನೆಲೆಸಿರುವುದರಲ್ಲಿ ಅಂಥ ಕಚೇರಿಗಳ ಪಾಲು ದೊಡ್ಡದು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ದಂಡಿನ ಬಿಡಾರದಲ್ಲಿ ಹೈದರಾಲಿ ತೀರಿಕೊಂಡರು. ಮಗ ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದರು. ಸಾವಿನ ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುವ ಭಯವಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾವ್ ಸುದ್ದಿಯನ್ನು ಗುಟ್ಟಾಗಿಟ್ಟರು. ಪಾರ್ಥಿವ ಶರೀರವನ್ನು ಬೆಲೆಬಾಳುವ ಸಾಮಾನಿನ ಪೆಟ್ಟಿಗೆಯಂತೆ ಕೋಲಾರಕ್ಕೆ ಕಳಿಸಿ, ಟಿಪ್ಪು ಬಂದು ಸೇರುವವರೆಗೆ ದಂಡಿನ ಕೆಲಸ ಎಂದಿನಂತೆ ನಡೆಯುವ ಹಾಗೆ ನೋಡಿಕೊಂಡರು. ಬಂದವರಿಗೆ ಖಜಾನೆಯನ್ನೂ ಸೈನ್ಯವನ್ನೂ ಒಪ್ಪಿಸಿದರು. ಮೋಸ ಮಾಡುವ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ವ್ಯಾಪಾರ ಸಮುದ್ರ ದಾಟಿತು. ಗಂಧ, ಮೆಣಸು, ಏಲಕ್ಕಿ ಸರ್ಕಾರದ ಸರಕಾದವು. ಇವು ಇಂಗ್ಲಿಷ್ ಕಂಪನಿಯ ಕೈಗೆ ಸಿಗದಂತೆ ತಡೆ ಬಿತ್ತು. ಅರಬ್ಬೀ ಸಮುದ್ರದ ಆಚೆ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು, ಕಚ್‌ನಲ್ಲಿಯೂ ಇತ್ತು. ಅಕ್ಕಿ ಮತ್ತು ಗಂಧ ಅಲ್ಲಿಗೆ ಹೋಗುತ್ತಿದ್ದವು. ಅಲ್ಲಿಂದ ಗಂಧಕ, ಖರ್ಜೂರ, ಕುದುರೆಗಳನ್ನು ತರಿಸುತ್ತಿದ್ದರು. ರೇಷ್ಮೆ ಹುಳುಗಳನ್ನು ತರಿಸಿ ಸಾಕಲು ಹುಕುಂ ಹೊರಟಿದ್ದೂ ಆ ಕಾಲದಲ್ಲೇ. ಇಂದು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮೇಲೆ ಬದುಕುವ ಮನೆಗಳು ಆ ಹುಕುಮಿನ ಋಣದಲ್ಲಿವೆ.

ವ್ಯಾಪಾರಕ್ಕೇ ಒಂದು ಪ್ರತ್ಯೇಕ ಇಲಾಖೆ ಇತ್ತು. ಅದರ ಅಧಿಕಾರಿಗಳಿಗೆ ಮಲಿಕುತ್ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ ಎಂಬ ಹೆಸರು. ಆ ಇಲಾಖೆಯ ನಿಯಮಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಪ್ರಜೆಗಳು ಸರ್ಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದಿತ್ತು. 500 ರೂಪಾಯಿಯೊಳಗೆ ಕೊಟ್ಟ ಸಣ್ಣವರಿಗೆ ವರ್ಷಕ್ಕೆ ಶೇಕಡ 50 ಲಾಭ, 5000ದವರೆಗೆ ಕೊಟ್ಟವರಿಗೆ ಶೇಕಡ 25, ಅದಕ್ಕೂ ಮೇಲ್ಪಟ್ಟವರಿಗೆ ಶೇಕಡ 12. ಹಣ ಕಡಿಮೆ ಇದ್ದವನಿಗೆ ಲಾಭದ ದರ ಹೆಚ್ಚು. ಇಂದಿನ ಬ್ಯಾಂಕುಗಳಲ್ಲಿ ದೊಡ್ಡ ಠೇವಣಿಗೇ ಹೆಚ್ಚು ಮರ್ಯಾದೆ.

ಪೂರ್ಣಯ್ಯನವರ ಜಾಗ ಹಣಕಾಸಿನ ಕಡೆಗಿತ್ತು. ಯುದ್ಧದಲ್ಲಿ ದಂಡನ್ನೂ ನಡೆಸಿದರು. ವಿದೇಶಿ ವ್ಯಾಪಾರದ ಕನಸು ಕಾಣುವವರು ಒಬ್ಬರಾದರೆ, ಹಣ ಹೊಂದಿಸಿ ಲೆಕ್ಕ ಕೂಡಿಸುವವರು ಇನ್ನೊಬ್ಬರು. 1792ರಲ್ಲಿ ಯುದ್ಧ ಸೋತಾಗ ಅರ್ಧ ರಾಜ್ಯ ಹೋಯಿತು. ಮೆಣಸಿನ ನಾಡಾದ ಮಲಬಾರು ಕೈಬಿಟ್ಟಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಹಣ ತೀರುವವರೆಗೆ ಸುಲ್ತಾನರ ಇಬ್ಬರು ಮಕ್ಕಳು ಒತ್ತೆಯಾಳುಗಳು. ಎರಡು ವರ್ಷಗಳಲ್ಲಿ, 1794ರಲ್ಲಿ, ಮಕ್ಕಳು ಮನೆಗೆ ಮರಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಶಹೀದರಾದರು. ಸಂಬಳದ ನೆಪ ಹೇಳಿ ಕೋಟೆಯ ಒಡಕಿನ ಬಳಿಯಿಂದ ಸೈನಿಕರನ್ನು ಕರೆಸಿಕೊಂಡರೆಂಬ ಕಥೆಯನ್ನು ಹೆಚ್ಚಾಗಿ ಮೀರ್ ಸಾದಿಕನ ಮೇಲೆ ಹೇಳುತ್ತಾರೆ. ಪೂರ್ಣಯ್ಯನವರ ಬಗ್ಗೆ ಮನೆಗಳಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಕೋಟೆ ಬಿದ್ದ ಮೇಲೆ ಅವರು ಮೊದಲು ಇಂಗ್ಲಿಷರ ಮುಂದಿಟ್ಟ ಸಲಹೆ, ಟಿಪ್ಪುವಿನ ಹಿರಿಯ ಮಗ ಫತೇ ಹೈದರ್‌ಗೇ ಗದ್ದುಗೆ ಕೊಡಬೇಕು ಎಂಬುದು. ಇಂಗ್ಲಿಷರು ಅದನ್ನು ಒಪ್ಪಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ತಂದು, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಅವರು ಒಪ್ಪಿಕೊಂಡರು.

ಒಪ್ಪಿಕೊಂಡ ರಾಜ್ಯ ಹೇಗಿತ್ತು? ಮಂಗಳೂರು ಸೇರಿ ಕರಾವಳಿಯೆಲ್ಲ ಕಂಪನಿಯ ಪಾಲಾಯಿತು. ಕೊಯಮತ್ತೂರು ಸೀಮೆಯೂ, ಅದರ ಜೊತೆ ಕೊಳ್ಳೇಗಾಲವೂ ಹೋಯಿತು. ಮೈಸೂರಿಗೆ ಒಂದು ಬಂದರೂ ಉಳಿಯಲಿಲ್ಲ. ಕಂಪನಿಯ ಅನುಮತಿಯಿಲ್ಲದೆ ಬೇರೆ ದೇಶಕ್ಕೆ ಕಾಗದ ಬರೆಯುವಂತಿಲ್ಲ ಎಂದು ಒಪ್ಪಂದದಲ್ಲೇ ಸೇರಿಸಿದ್ದರು. ವರ್ಷಕ್ಕೆ 7 ಲಕ್ಷ ವರಹ, ಅಂದರೆ ಸುಮಾರು ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ ಕಂಪನಿಗೆ ಕಟ್ಟಬೇಕು. ಕಟ್ಟುವುದು ಕಷ್ಟವೆಂದು ಕಂಡರೆ ಆಡಳಿತವನ್ನೇ ಕಂಪನಿ ವಹಿಸಿಕೊಳ್ಳಬಹುದು. ಮಸ್ಕತ್‌ಗೆ ಹಡಗು ಕಳಿಸಿದ ಸರ್ಕಾರದ ಖಜಾನೆ ನೋಡಿದವರು ಈಗ ಪಕ್ಕದ ಕೊಳ್ಳೇಗಾಲಕ್ಕೂ ಹೊರಗಿನವರಾದರು.

ಹೊರಗಿನ ವ್ಯಾಪಾರ ಕೈಯಲ್ಲಿಲ್ಲದ ಮಂತ್ರಿ ಏನು ಮಾಡಬಹುದು? ಒಳಗಿನ ದಾರಿ ಸರಿಮಾಡಬಹುದು. ಪೂರ್ಣಯ್ಯನವರು ಮಾಡಿದ್ದು ಅದನ್ನೇ. ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು, ರಸ್ತೆ ಹಾಕಿಸಿದರು, ದಾರಿಹೋಕರಿಗೆ ಛತ್ರ ಕಟ್ಟಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಮೇಲೆ 1804ರಲ್ಲಿ ಮುಗಿಸಿದ ಸೇತುವೆ ಇಂದಿಗೂ ನಿಂತಿದೆ. ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟದ್ದು ಮಾತ್ರ ನನಗೆ ಇಷ್ಟವಾಗಲಿಲ್ಲ. ಕಾವೇರಿ ನೀರನ್ನು ಮೈಸೂರಿಗೆ ತರಲು ತೋಡಿಸಿದ ಕಾಲುವೆ ಮುಗಿಯಲೇ ಇಲ್ಲ. ಆದರೆ ಕಂಪನಿಯ ಕಂತು ನಿಲ್ಲಲಿಲ್ಲ. ಅವರ ನಂತರ, 1831ರಲ್ಲಿ, ಕಂಪನಿ ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಆಗ ಮುಂದಿಟ್ಟದ್ದು 1799ರ ಆ ಒಪ್ಪಂದವನ್ನೇ. ಕಂತು ಕಟ್ಟುವುದರ ಬೆಲೆ ಏನೆಂದು ಆಗ ಎಲ್ಲರಿಗೂ ತಿಳಿಯಿತು.

1807ರಲ್ಲಿ ಅವರಿಗೆ ಯಳಂದೂರು ಜಹಗೀರಾಗಿ ಸಿಕ್ಕಿತು. 1811ರಲ್ಲಿ ಪ್ರಾಯಕ್ಕೆ ಬಂದ ಮಹಾರಾಜರು ಆಡಳಿತ ವಹಿಸಿಕೊಂಡರು. 1812ರ ಮಾರ್ಚ್‌ನಲ್ಲಿ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಣ್ಮುಚ್ಚಿದರು. ಅವರ ವಂಶದ ಪಿ. ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಹಾಗಾದರೆ ಅವರು ದ್ರೋಹಿಯೇ, ನಿಷ್ಠಾವಂತರೇ? ನಮ್ಮ ಲೆಕ್ಕಶಾಸ್ತ್ರದಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕುವಂತಿಲ್ಲ. 1782ರ ನಿಷ್ಠೆಗೆ ವೋಚರ್ ಇದೆ. ಫತೇ ಹೈದರ್ ಪರವಾಗಿ ಮಾತಾಡಿದ್ದಕ್ಕೂ ಇದೆ. ಒಡೆಯನನ್ನು ಕೊಂದವರ ಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿ ಜಹಗೀರು ಪಡೆದದ್ದಕ್ಕೂ ಇದೆ. ಅದನ್ನು ಅಳಿಸಿ ಲೆಕ್ಕ ಚೆಂದ ಮಾಡುವುದೂ ತಪ್ಪೇ. ಸುಲ್ತಾನರು ತಲೆಬಾಗದೆ ಪ್ರಾಣ ಕೊಟ್ಟರು. ಪೂರ್ಣಯ್ಯ ತಲೆಬಾಗಿ ಕೆಲಸ ಮುಂದುವರಿಸಿದರು. ನನ್ನ ಮನಸ್ಸು ಮೊದಲನೆಯದರ ಕಡೆಗೇ ಇದೆ. ಆದರೆ ಎರಡನೆಯದಕ್ಕೆ ದ್ರೋಹ ಎಂಬ ಹೆಸರು ಕೊಡಲು ನನ್ನ ಬಳಿ ವೋಚರ್ ಇಲ್ಲ.

ಇಂದು ಸಂವಿಧಾನದ ಪ್ರಕಾರ ವಿದೇಶಿ ವ್ಯಾಪಾರ ಕೇಂದ್ರ ಸರ್ಕಾರದ ವಿಷಯ. ಕರ್ನಾಟಕದ ರಾಮಕೃಷ್ಣ ಹೆಗಡೆಯವರು 1998ರಲ್ಲಿ ಆ ಖಾತೆಯ ಮಂತ್ರಿಯಾಗಿದ್ದರು. ಅಂಥ ಮಂತ್ರಿ ಆಮದು ರೇಷ್ಮೆಯ ಬಗ್ಗೆ ದೆಹಲಿಯಲ್ಲಿ ಒಪ್ಪುವ ಒಂದು ಸಾಲು ನಮ್ಮ ಊರಿನ ಗೂಡಿನ ಬೆಲೆಯನ್ನು ಏರಿಸಬಹುದು, ಇಳಿಸಬಹುದು. ನಮ್ಮ ಕಾಲೇಜಿನಿಂದ ಯಾರಾದರೂ ಆ ಮೇಜಿನವರೆಗೆ ಹೋದರೆ, ಸಹಿ ಹಾಕುವ ಮೊದಲು ಎರಡು ಲೆಕ್ಕ ನೋಡಲಿ. ಒಂದು ಖಜಾನೆಯದು. ಇನ್ನೊಂದು, 500 ರೂಪಾಯಿ ಹಾಕಿದ ಸಣ್ಣವನದು.