ವಿಜ್ಞಾನಿ ಜಿ. ಎನ್. ರಾಮಚಂದ್ರನ್ನರ ಜೀವನ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಿಜ್ಞಾನಿಯ ಚರಿತ್ರೆಯನ್ನು ಬರೆಯಹೊರಟುದಕ್ಕೆ ಮೊದಲೇ ಕಾರಣ ಹೇಳಿಬಿಡುವುದು ಲೇಸು. ನಾನು ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವವನು. ರಸಾಯನಶಾಸ್ತ್ರದ ಪರಿಚಯ ನನಗಿರುವುದು ಹತ್ತನೆಯ ತರಗತಿಯವರೆಗೆ ಮಾತ್ರ. ಆದರೆ ಹಾಸ್ಟೆಲಿನಲ್ಲಿ ನನ್ನ ಕೊಠಡಿಯಲ್ಲಿಯೇ ಇರುವ ಮಿತ್ರನು ಇದೇ ಊರಿನ ಮತ್ತೊಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾನೆ. ನಾನು ಆಲೂರು ತಾಲ್ಲೂಕಿನವನು. ಅವನು ಸಕಲೇಶಪುರದಾಚೆ, ಹಾನುಬಾಳಿನ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ನಮ್ಮಿಬ್ಬರ ಮನೆಗಳಲ್ಲಿಯೂ ನಮಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ.

ಕಳೆದ ಸಂಕ್ರಾಂತಿಯ ರಜೆಯಲ್ಲಿ, ರೋಬಸ್ಟಾ ಕೊಯ್ಲು ಆಗತಾನೆ ಮೊದಲಾಗಿದ್ದಾಗ, ಅವನ ಮನೆಗೆ ಹೋಗಿದ್ದೆ. ಮಿತ್ರನಿಗೆ ಜೈವಿಕ ಮಾಹಿತಿ ವಿಜ್ಞಾನದಲ್ಲಿ, ಎಂದರೆ ಬಯೋಇನ್‌ಫರ್ಮ್ಯಾಟಿಕ್ಸ್‌ನಲ್ಲಿ, ಎಂ.ಎಸ್‌ಸಿ. ಮಾಡಬೇಕೆಂಬ ಹಂಬಲ. ಅವನ ತಾಯಿ ಒಲೆಯ ಮುಂದೆ ಕುಳಿತು ನನ್ನನ್ನು ಕೇಳಿದರು: ವೈದ್ಯ ಓದಿದವನು ಮದ್ದು ಕೊಡುತ್ತಾನೆ, ಕಾನೂನು ಓದಿದವನು ಕೋರ್ಟಿಗೆ ಹೋಗುತ್ತಾನೆ, ಇದನ್ನು ಓದಿದವನು ಏನು ಮಾಡುತ್ತಾನೆ? ಇದನ್ನು ಓದಿ ಮುಂದೆ ಬಂದವರು ಯಾರಾದರೂ ಉಂಟೆ? ನನ್ನಲ್ಲಿ ಉತ್ತರವಿರಲಿಲ್ಲ. ಮಿತ್ರನು ಒಂದು ಹೆಸರನ್ನು ಹೇಳಿದನು. ಆ ಹೆಸರಿನ ಬೆನ್ನು ಹತ್ತಿ, ಎರಡು ತಿಂಗಳು ಗ್ರಂಥಾಲಯದಲ್ಲಿ ಕುಳಿತು, ತಿಳಿಯದುದನ್ನು ಮಿತ್ರನಿಂದ ಕೇಳಿ ತಿಳಿದು, ಸಂಗ್ರಹಿಸಿದ ವಿಷಯವೇ ಈ ಲೇಖನ.

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ನರು ೧೯೨೨ನೆಯ ಇಸವಿ ಅಕ್ಟೋಬರ್ ೮ರಂದು ಎರ್ನಾಕುಲಂ ಪಟ್ಟಣದಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರರು ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮುಂದೆ ಪ್ರಿನ್ಸಿಪಾಲರೂ ಆದವರು. ಬಾಲಕನಿಗೆ ಗಣಿತವು ಮನೆಯ ಮಾತೇ ಆಗಿದ್ದಿತು. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ಅವರ ಬಾಲ್ಯವು ನಮ್ಮಂಥವರ ಬಾಲ್ಯವಲ್ಲ. ಮಗ್ಗಿ ತಪ್ಪಿದರೆ ತಿದ್ದುವವರು ನಮ್ಮ ಮನೆಗಳಲ್ಲಿ ಇರಲಿಲ್ಲ. ಆದಕಾರಣ ಮನಸ್ಸು ಮಾಡಿದರೆ ಎಲ್ಲರೂ ಅವರಂತಾಗಬಹುದೆಂದು ವೇದಿಕೆಯ ಭಾಷಣ ಮಾಡಲು ನಾನು ಬಂದವನಲ್ಲ. ಅವರು ಕೆಲಸ ಮಾಡಿದ ಬಗೆ ಎಂತಹುದು, ಅದರಲ್ಲಿ ನಮಗೆ ದಕ್ಕುವುದೇನು ಎಂಬುದಷ್ಟೇ ನನ್ನ ಪ್ರಶ್ನೆ.

ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದು, ೧೯೪೨ರಲ್ಲಿ ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಸೇರಿದುದು ಭೌತಶಾಸ್ತ್ರಕ್ಕಲ್ಲ, ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆಗ ಭೌತಶಾಸ್ತ್ರ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ನರಿದ್ದರು. ತರುಣನ ಮನಸ್ಸು ಅತ್ತಲೇ ಎಳೆಯಿತು; ಸ್ವಲ್ಪ ಕಾಲದಲ್ಲಿಯೇ ವಿಭಾಗವನ್ನು ಬದಲಾಯಿಸಿಕೊಂಡರು. ಈ ಹುಡುಗನ ಬುದ್ಧಿ ನಿಮ್ಮ ವಿಭಾಗದಲ್ಲಿ ಹಿಡಿಸದಷ್ಟು ದೊಡ್ಡದೆಂದು ರಾಮನ್ನರೇ ವಿದ್ಯುತ್ ವಿಭಾಗದವರಿಗೆ ಹೇಳಿ ಕರೆದುಕೊಂಡರೆಂದು ಒಂದು ಕತೆಯುಂಟು. ಕತೆ ಹೇಗೇ ಇರಲಿ, ಬದಲಾವಣೆ ನಿಜ. ಬೆಂಗಳೂರಿನಲ್ಲಿ ಸಂಶೋಧನೆ ಮಾಡಿ, ಪ್ರಬಂಧವನ್ನು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ ಮಾಸ್ಟರ್ ಪದವಿ ಪಡೆದರು, ೧೯೪೭ರಲ್ಲಿ ಡಿ.ಎಸ್‌ಸಿ. ಪದವಿಯೂ ದೊರೆಯಿತು. ಅನಂತರ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋಗಿ, ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ವೂಸ್ಟರ್ ಎಂಬುವರ ಬಳಿ ಹರಳುಗಳ ಮೇಲೆ ಕ್ಷಕಿರಣಗಳನ್ನು ಹಾಯಿಸಿ ಅಭ್ಯಾಸ ಮಾಡಿ, ೧೯೪೯ರಲ್ಲಿ ಬೆಂಗಳೂರಿಗೆ ಮರಳಿದರು.

೧೯೫೨ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯವು ಅವರನ್ನು ಭೌತಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಕರೆಯಿತು. ಆಗ ಅವರು ಮೂವತ್ತರ ಹೊಸ್ತಿಲಲ್ಲಿದ್ದರು. ಯಾವ ಸಮಸ್ಯೆಯನ್ನು ಕೈಗೆತ್ತಿಕೊಳ್ಳುವುದೆಂದು ಯೋಚಿಸುತ್ತಿದ್ದ ಸಮಯದಲ್ಲಿ ಮದ್ರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲರು ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಿಡಿಸಲಾಗದ ಒಗಟಾಗಿದೆಯೆಂದು ಮಾತಿನ ನಡುವೆ ಹೇಳಿದರಂತೆ. ನಮ್ಮ ಚರ್ಮ, ಮೂಳೆ, ಸ್ನಾಯುಗಳ ತುದಿಯ ಹುರಿ, ಇವುಗಳಿಗೆ ಬಲ ಕೊಡುವ ವಸ್ತುವೇ ಕೊಲಾಜೆನ್. ಮದ್ರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾಲಯವಿದ್ದುದರಿಂದ ಮಾದರಿಗಳಿಗೆ ದೂರ ಹೋಗಬೇಕಾಗಿರಲಿಲ್ಲ. ಇರುವೆಡೆಯಲ್ಲಿ ಸಿಕ್ಕುವುದರಿಂದಲೇ ಕೆಲಸ ಮೊದಲಾಯಿತು.

ಪ್ರೋಟೀನೆಂದರೆ ಒಂದು ಸರಪಣಿ. ಅದರ ಕೊಂಡಿಗಳು ಅಮೈನೋ ಆಮ್ಲಗಳು. ಇವುಗಳಲ್ಲಿ ೨೦ ಬಗೆ. ಕೊಲಾಜೆನ್‌ನಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಕೊಂಡಿ ಮೂರರಲ್ಲಿ ಒಂದು ಪಾಲಿನಷ್ಟಿದೆ. ಇದನ್ನು ಹಿಡಿದುಕೊಂಡು ರಾಮಚಂದ್ರನ್ನರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೂ ೧೯೫೪ರಲ್ಲಿ, ಕೊಲಾಜೆನ್ ಮೂರೆಳೆಯ ರಚನೆಯೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೫ರಲ್ಲಿ ಅದನ್ನು ತಿದ್ದಿ, ಮೂರು ಎಳೆಗಳೂ ಹಗ್ಗದಂತೆ ಒಂದಕ್ಕೊಂದು ಹೊಸೆದುಕೊಂಡಿವೆಯೆಂದು ತೋರಿಸಿದರು.

ಕೂಡಲೇ ಆಕ್ಷೇಪಣೆ ಬಂದಿತು. ಆಕ್ಷೇಪಿಸಿದವರು ಸಾಮಾನ್ಯರಲ್ಲ, ಡಿ.ಎನ್.ಎ. ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕ್ರಿಕ್ ಮತ್ತು ಅವರ ಜೊತೆಗಾರ ರಿಚ್. ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆಯೆಂಬುದು ಅವರ ವಾದ. ಮೂರೆಳೆಯ ಹೊಸೆತ ನಿಂತಿತು. ಎಳೆಗಳ ನಡುವಣ ಜಲಜನಕ ಬಂಧಗಳ ಲೆಕ್ಕದಲ್ಲಿ ಮಾತ್ರ ಆಕ್ಷೇಪಿಸಿದವರ ಮಾತಿಗೆ ಹೆಚ್ಚು ಬೆಲೆ ಬಂದಿತು.

ಪ್ರಿಯ ವಾಚಕರೇ, ಅವರ ಜೀವನದಲ್ಲಿ ನನ್ನ ಮನಸ್ಸನ್ನು ಸೆರೆಹಿಡಿದ ಘಟ್ಟ ಇದೇ. ದೊಡ್ಡವರು ತಪ್ಪು ತೋರಿಸಿದಾಗ ನಾವು ಮಾಡುವುದೇನು? ಒಂದೋ ಸಿಡುಕುತ್ತೇವೆ, ಇಲ್ಲವೆ ಕುಗ್ಗಿ ಕೈಬಿಡುತ್ತೇವೆ. ಮೊದಲ ಸೆಮಿಸ್ಟರಿನ ಉತ್ತರ ಪತ್ರಿಕೆ ಕೈಗೆ ಬಂದಾಗ ನಾನು ಎರಡನ್ನೂ ಮಾಡಿದವನು. ರಾಮಚಂದ್ರನ್ನರು ಎರಡನ್ನೂ ಮಾಡಲಿಲ್ಲ. ಹತ್ತಿರವೆಂದರೆ ಎಷ್ಟು ಹತ್ತಿರ? ಎರಡು ಪರಮಾಣುಗಳು ನಿಜವಾಗಿ ಎಷ್ಟು ಸಮೀಪ ಬರಬಲ್ಲವು? ಇದನ್ನು ಯಾರಾದರೂ ಅಳೆದು ಪಟ್ಟಿ ಮಾಡಿರುವರೇ? ಹೀಗೆ ಕೇಳಿಕೊಂಡು, ಅದುವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ತಡಕಿ, ದೂರಗಳನ್ನು ಕಲೆಹಾಕತೊಡಗಿದರು. ಚದುರಿದ ಮಾಹಿತಿಯನ್ನು ಕೂಡಿಸಿ, ಅದರಿಂದ ನಿಯಮವನ್ನು ಹೊರತೆಗೆಯುವ ಈ ಕೆಲಸವೇ ಇಂದು ಜೈವಿಕ ಮಾಹಿತಿ ವಿಜ್ಞಾನದ ಜೀವಾಳ. ಆಗ ಅದಕ್ಕೆ ಆ ಹೆಸರಿರಲಿಲ್ಲ, ಅಷ್ಟೆ.

ಈ ಶ್ರಮದ ಫಲವಾಗಿ ೧೯೬೩ರಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ ಅವರು ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನ್ ಸರಪಣಿಯ ಪ್ರತಿಯೊಂದು ಕೊಂಡಿಯೂ ಎರಡು ಕೀಲುಗಳಲ್ಲಿ ತಿರುಗಬಲ್ಲದು. ಒಂದರ ಕೋನಕ್ಕೆ ಫೈ ಎಂದೂ ಮತ್ತೊಂದಕ್ಕೆ ಸೈ ಎಂದೂ ಹೆಸರು. ಅಡ್ಡಗೆರೆಯಲ್ಲಿ ಒಂದು, ನಿಲುಗೆರೆಯಲ್ಲಿ ಮತ್ತೊಂದು; ಯಾವ ಕೋನಗಳ ಜೋಡಿಯಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವೋ ಅಷ್ಟು ಜಾಗವನ್ನು ಮಾತ್ರ ಗೆರೆ ಎಳೆದು ಗುರುತಿಸಿದರು. ಚೌಕದ ನಾಲ್ಕರಲ್ಲಿ ಮೂರು ಪಾಲು ನಿಷಿದ್ಧ ಪ್ರದೇಶವಾಯಿತು! ಉಳಿದ ಕೆಲವು ದ್ವೀಪಗಳಲ್ಲಿಯೇ ಜೀವರಾಶಿಯ ಪ್ರೋಟೀನುಗಳೆಲ್ಲವೂ ಹೆಚ್ಚುಕಡಿಮೆ ನೆಲೆಸಬೇಕು. ಲೆಕ್ಕವೆಲ್ಲ ಮೇಜಿನ ಮೇಲಿನ ಗಣಕಯಂತ್ರದಲ್ಲಿ, ಕೈಯಿಂದ ಮಾಡಿದುದು. ಆ ಕಾಲಕ್ಕೆ ವಿವರವಾಗಿ ರಚನೆ ತಿಳಿದಿದ್ದ ಪ್ರೋಟೀನೆಂದರೆ ಮಯೋಗ್ಲೋಬಿನ್ ಒಂದೇ ಎನ್ನಬೇಕು. ಇದನ್ನೇ ಇಂದು ಪ್ರಪಂಚವೆಲ್ಲ ರಾಮಚಂದ್ರನ್ ನಕ್ಷೆ ಎಂದು ಕರೆಯುತ್ತದೆ.

ಇಷ್ಟನ್ನು ಓದಿಕೊಂಡು ಶಿವರಾತ್ರಿಯ ರಜೆಯಲ್ಲಿ ನಾನು ಮತ್ತೆ ಮಿತ್ರನ ಮನೆಗೆ ಹೋದೆ. ಅವನ ತಾಯಿಗೆ ಫೈ, ಸೈಗಳನ್ನು ಹೇಳುವುದು ಹೇಗೆ? ಆದಕಾರಣ ಹೀಗೆ ಹೇಳಿದೆ: ಸಂಜೆ ಕೊಯ್ಲು ಮುಗಿಸಿ, ಸೊಂಟಕ್ಕೆ ತುಂಬಿದ ಬುಟ್ಟಿ ಕಟ್ಟಿಕೊಂಡ ಹೆಂಗಸರು ಕೈ ಕೈ ಹಿಡಿದು ಇಳಿಜಾರಿನಲ್ಲಿ ಸಾಲಾಗಿ ಇಳಿಯುತ್ತಿದ್ದಾರೆನ್ನಿ. ಒಬ್ಬೊಬ್ಬರೂ ಎಷ್ಟು ತಿರುಗಬಹುದು? ತನ್ನ ಬುಟ್ಟಿ ಪಕ್ಕದವಳ ಬುಟ್ಟಿಗೆ ಬಡಿಯದಷ್ಟು ಮಾತ್ರ. ಎಷ್ಟೆಷ್ಟು ತಿರುಗಬಹುದೆಂದು ಬರೆದಿಟ್ಟರೆ ಇಡೀ ಸಾಲು ಯಾವ ಯಾವ ಆಕಾರದಲ್ಲಿ ಬಾಗಬಲ್ಲುದೆಂದು ತಿಳಿಯುತ್ತದೆ. ಆ ಮಹನೀಯರು ಬರೆದಿಟ್ಟುದು ಅದನ್ನೇ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಲಿನಲ್ಲಿ ಬುಟ್ಟಿಯಿಲ್ಲದ ಮಗುವೊಂದು ಇದ್ದರೆ ಅದು ಹೇಗೆ ಬೇಕಾದರೂ ತಿರುಗಬಹುದಲ್ಲವೆ ಎಂದು ಕೇಳಿದರು. ಮೂರು ಸಾಲುಗಳು ಒಂದನ್ನೊಂದು ಸುತ್ತಿಕೊಂಡು ಇಳಿಯಬೇಕಾದರೆ, ಇಕ್ಕಟ್ಟಾದ ಒಳಮಗ್ಗುಲಿಗೆ ಆ ಮಕ್ಕಳನ್ನೇ ಬಿಡಬೇಕಾದೀತು ಎಂದೂ ಸೇರಿಸಿದರು.

ಮಿತ್ರನು ಎದ್ದು ನಿಂತುಬಿಟ್ಟನು. ಆ ಬುಟ್ಟಿಯಿಲ್ಲದ ಮಗುವೇ ಗ್ಲೈಸೀನ್! ಉಳಿದ ಅಮೈನೋ ಆಮ್ಲಗಳಿಗೆಲ್ಲ ಪಕ್ಕದಲ್ಲಿ ಒಂದು ಗುಂಪಿನ ಹೊರೆಯುಂಟು. ಗ್ಲೈಸೀನಿಗೆ ಒಂದು ಜಲಜನಕವಷ್ಟೆ. ಆದುದರಿಂದಲೇ ನಕ್ಷೆಯಲ್ಲಿ ಅದಕ್ಕೆ ಎಲ್ಲಕ್ಕಿಂತ ವಿಶಾಲವಾದ ಜಾಗ. ಕೊಲಾಜೆನ್‌ನ ಮೂರೆಳೆಯ ನಟ್ಟನಡುವೆ ಅದರ ಹೊರತು ಬೇರೆ ಯಾವುದೂ ಹಿಡಿಸದು. ಆದಕಾರಣವೇ ಪ್ರತಿ ಮೂರನೆಯ ಸ್ಥಾನದಲ್ಲಿ ಅದೇ ಇರಬೇಕು. ಅಕ್ಷರ ಬಾರದ ತಾಯಿ, ಮಗನ ಪಠ್ಯಪುಸ್ತಕದ ಒಂದು ಪುಟವನ್ನು ಒಲೆಯ ಮುಂದೆ ಕುಳಿತೇ ಓದಿದಂತಾಯಿತು.

ರಾಮಚಂದ್ರನ್ನರ ಮುಂದಿನ ಜೀವನವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ೧೯೬೧ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂದಿದ್ದಿತು. ಮದ್ರಾಸನ್ನು ಬಿಟ್ಟು ಮತ್ತೆ ಬೆಂಗಳೂರಿಗೆ ಬಂದು, ೧೯೭೧ರಲ್ಲಿ ವಿಜ್ಞಾನ ಮಂದಿರದಲ್ಲಿ ಅಣುಜೈವಿಕ ಭೌತಶಾಸ್ತ್ರದ ಘಟಕವನ್ನು ಕಟ್ಟಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಅನೇಕ ದಿಕ್ಕುಗಳಿಂದ ತೆಗೆದ ಕ್ಷಕಿರಣ ಚಿತ್ರಗಳನ್ನು ಸೇರಿಸಿ ಒಳಗಿನ ಆಕೃತಿಯನ್ನು ಮರಳಿ ಕಟ್ಟುವ ಗಣಿತದ ಕ್ರಮವೊಂದನ್ನು ಪ್ರಕಟಿಸಿದರು, ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನಿಗೆ ಆಧಾರವಾದ ಗಣಿತ ಇಂತಹುದೇ. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ನೊಬೆಲ್ ಬಹುಮಾನ ಅವರ ಬಳಿಗೆ ಬರಲಿಲ್ಲ. ಕೊನೆಗಾಲದಲ್ಲಿ ಪಾರ್ಕಿನ್ಸನ್ ರೋಗ ಬಾಧಿಸಿತು; ೧೯೯೮ರಲ್ಲಿ ಪತ್ನಿ ರಾಜಲಕ್ಷ್ಮಿಯವರು ತೀರಿಕೊಂಡರು. ೧೯೯೯ರಲ್ಲಿ ಹರಳುಶಾಸ್ತ್ರದ ಅಂತರರಾಷ್ಟ್ರೀಯ ಸಂಘವು ಎವಾಲ್ಡ್ ಬಹುಮಾನವಿತ್ತು ಗೌರವಿಸಿತು. ೨೦೦೧ರ ಏಪ್ರಿಲ್ ೭ರಂದು ಚೆನ್ನೈ ನಗರದಲ್ಲಿ ಅವರು ದಿವಂಗತರಾದರು.

ಅವರು ಬಿಟ್ಟುಹೋದ ಕೆಲಸ ಮಾತ್ರ ನಿಂತಿಲ್ಲ. ೧೯೭೧ರಲ್ಲಿಯೇ ಅಮೆರಿಕದಲ್ಲಿ ೭ ರಚನೆಗಳಿಂದ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ೨೦೨೩ರಲ್ಲಿ ೨ ಲಕ್ಷವನ್ನು ದಾಟಿತು. ಅಲ್ಲಿಗೆ ಬರುವ ಹೊಸ ಪ್ರೋಟೀನ್ ರಚನೆಗಳನ್ನು ಇಂದಿಗೂ ರಾಮಚಂದ್ರನ್ ನಕ್ಷೆಗೆ ಹಿಡಿದು ಪರೀಕ್ಷಿಸುತ್ತಾರೆ. ಆ ಭಂಡಾರದಿಂದ ಪಾಠ ಕಲಿತ ಆಲ್ಫಾಫೋಲ್ಡ್ ಎಂಬ ಗಣಕ ವಿಧಾನವು ಕೋಟಿಗಟ್ಟಲೆ ಪ್ರೋಟೀನುಗಳ ಆಕಾರವನ್ನು ಊಹಿಸಿ ಹೇಳಿತು. ಅದನ್ನು ರಚಿಸಿದವರಿಗೆ ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ನಮ್ಮ ಬೆಟ್ಟಗಳಿಗೂ ಈ ವಿದ್ಯೆ ದೂರದ್ದಲ್ಲ. ೨೦೧೪ರಲ್ಲಿ ರೋಬಸ್ಟಾ ಕಾಫಿಯ ಜೀನೋಮನ್ನು ಓದಿ ಪ್ರಕಟಿಸಿದರು. ೨೫ ಸಾವಿರಕ್ಕೂ ಮಿಕ್ಕ ಜೀನುಗಳು ಅದರಲ್ಲಿವೆ. ಮಳೆ ಹೆಚ್ಚಾದಾಗ, ಎಲೆಗೆ ತುಕ್ಕುರೋಗ ತಗುಲಿದಾಗ, ಇವುಗಳಲ್ಲಿ ಯಾವುವು ಒಟ್ಟಿಗೆ ಎಚ್ಚರಗೊಳ್ಳುತ್ತವೆ, ಯಾವುದು ಯಾವುದನ್ನು ತಡೆಯುತ್ತದೆ? ಬಿಡಿ ಕೊಂಡಿಯನ್ನಲ್ಲದೆ ಇಡೀ ತೋಟವನ್ನು ಒಂದಾಗಿ ನೋಡುವ ಈ ವಿದ್ಯೆಗೆ ವ್ಯವಸ್ಥಾ ಜೀವವಿಜ್ಞಾನವೆಂದು ಹೆಸರು. ಮಿತ್ರನು ಎಂ.ಎಸ್‌ಸಿ.ಯಲ್ಲಿ ಓದಲು ಬಯಸುವುದು ಇವೆರಡನ್ನೂ.

ಗಡಿಯಿಲ್ಲದೆ ಆಕಾರವಿಲ್ಲ ಎಂಬುದನ್ನು ನಾನು ಆ ನಕ್ಷೆಯಿಂದ ಕಲಿತೆ. ಆದರೆ ಯಾವ ಗಡಿ ನಿಜವಾದುದು, ಯಾವುದು ಬರಿಯ ಭಯ ಎಂಬುದನ್ನು ಅಳೆದೇ ತಿಳಿಯಬೇಕು. ಲೈನ್ ಮನೆಯ ಹುಡುಗನಿಗೆ ಈ ಓದು ಸಲ್ಲದೆಂಬ ಮಾತನ್ನು ನಾವು ಅಳೆಯದೆಯೇ ನಂಬಿದ್ದೆವು.

ಆ ರಾತ್ರಿ ಮಿತ್ರನ ತಾಯಿ ಫೀಸು ಎಷ್ಟು, ಹಾಸ್ಟೆಲು ಸಿಕ್ಕುವುದೇ, ವಿದ್ಯಾರ್ಥಿವೇತನಕ್ಕೆ ಏನೇನು ಕಾಗದ ಬೇಕು ಎಂದು ಒಂದೊಂದಾಗಿ ವಿಚಾರಿಸಿದರು. ಎರಡು ವರ್ಷ ತಾನೆ, ಬುಟ್ಟಿಯನ್ನು ನಾನು ಹೊರುತ್ತೇನೆ ಎಂದು ಹೇಳಿ ಮಲಗಲು ಹೋದರು. ಮರುದಿನ ಸಕಲೇಶಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನಾವಿಬ್ಬರೂ ಕುಳಿತು ಅರ್ಜಿ ತುಂಬಿದೆವು. ಈ ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ಅವನ ಪ್ರವೇಶ ಪರೀಕ್ಷೆ ಮುಗಿದಿರುತ್ತದೆ.