ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ (1921–2003): ಡಯಾಲಿಸಿಸ್ ದ್ರಾವಣ ಮತ್ತು ಹೃದಯದ ಆರೋಗ್ಯ

ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದವರು ವರ್ಷಾನುಗಟ್ಟಲೆ ಡಯಾಲಿಸಿಸ್ ಪಡೆದು ಬದುಕುವುದನ್ನು ಸಾಧ್ಯವಾಗಿಸಿದವರಲ್ಲಿ ಅಮೆರಿಕದ ವೈದ್ಯ ಡಾ. ಬೆಲ್ಡಿಂಗ್ ಹಿಬ್ಬರ್ಡ್ ಸ್ಕ್ರಿಬ್ನರ್ ಪ್ರಮುಖರು. 1921ರಲ್ಲಿ ಷಿಕಾಗೊ ನಗರದಲ್ಲಿ ಜನಿಸಿದ ಇವರು 1945ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, 1951ರಿಂದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದರು.

ಕೃತಕ ಮೂತ್ರಪಿಂಡ ಯಂತ್ರವು 1940ರ ದಶಕದಲ್ಲಿಯೇ ಬಳಕೆಗೆ ಬಂದಿತ್ತು. ಆದರೆ ಪ್ರತಿ ಸಲವೂ ರಕ್ತನಾಳವನ್ನು ಹೊಸದಾಗಿ ಕೊಯ್ದು ನಳಿಕೆ ಜೋಡಿಸಬೇಕಾಗಿದ್ದುದರಿಂದ, ಕೆಲವು ವಾರಗಳ ನಂತರ ರೋಗಿಯನ್ನು ಕೈಬಿಡುವುದು ಅನಿವಾರ್ಯವಾಗುತ್ತಿತ್ತು. 1960ರಲ್ಲಿ ಸ್ಕ್ರಿಬ್ನರ್ ಅವರು ಇಂಜಿನಿಯರ್ ವೇಯ್ನ್ ಕ್ವಿಂಟನ್ ಅವರ ನೆರವಿನಿಂದ, ತೋಳಿನಲ್ಲಿಯೇ ಉಳಿಯುವ ಟೆಫ್ಲಾನ್ ನಳಿಕೆಯನ್ನು ರೂಪಿಸಿದರು. ಅದೇ ಮಾರ್ಚ್ ತಿಂಗಳಿನಲ್ಲಿ ಚಿಕಿತ್ಸೆ ಆರಂಭಿಸಿದ ಮೊದಲ ರೋಗಿ 11 ವರ್ಷ ಬದುಕಿದರು. 1971ರಲ್ಲಿ ಅವರ ಸಾವಿಗೆ ಕಾರಣವಾದದ್ದು ಹೃದಯಾಘಾತ. ಮೂತ್ರಪಿಂಡ ರೋಗಿಗಳ ಪಾಲಿಗೆ ಹೃದಯರೋಗವು ಇಂದಿಗೂ ಬಹುದೊಡ್ಡ ಅಪಾಯವಾಗಿ ಉಳಿದಿದೆ.

ಡಯಾಲಿಸಿಸ್‌ನಲ್ಲಿ ತೆಳುಪೊರೆಯ ಒಂದು ಬದಿಯಲ್ಲಿ ರಕ್ತವೂ ಇನ್ನೊಂದು ಬದಿಯಲ್ಲಿ ಲವಣ ದ್ರಾವಣವೂ ಹರಿಯುತ್ತವೆ. ರಕ್ತದ ಕಲ್ಮಶವು ದ್ರಾವಣಕ್ಕೆ ಸೇರುವಂತೆಯೇ ದ್ರಾವಣದ ಅಂಶಗಳೂ ರಕ್ತಕ್ಕೆ ಸೇರುತ್ತವೆ. ರಕ್ತದ ಆಮ್ಲೀಯತೆಯನ್ನು ತಗ್ಗಿಸಲು ಬೈಕಾರ್ಬನೇಟ್ ಸೂಕ್ತ. ಆದರೆ ಅದು ಕ್ಯಾಲ್ಸಿಯಂನೊಂದಿಗೆ ಸೇರಿ ತಳದಲ್ಲಿ ಗಸಿಯಾಗಿ ಕೂರುತ್ತದೆ. ಆದುದರಿಂದ 1964ರಲ್ಲಿ ಡಾ. ಚಾರ್ಲ್ಸ್ ಮಿಯೋನ್ ಹಾಗೂ ಸ್ಕ್ರಿಬ್ನರ್ ಅವರ ತಂಡವು ಬೈಕಾರ್ಬನೇಟಿನ ಬದಲಿಗೆ ಅಸಿಟೇಟ್ ಬಳಸಿತು. ಯಕೃತ್ತು ಮತ್ತು ಸ್ನಾಯುಗಳು ಇದನ್ನು ಬೈಕಾರ್ಬನೇಟ್ ಆಗಿ ಮಾರ್ಪಡಿಸುತ್ತವೆ. ಸಾಂದ್ರ ದ್ರಾವಣವನ್ನು ಒಂದೇ ಪಾತ್ರೆಯಲ್ಲಿ ಶೇಖರಿಸಿ, ನೀರು ಬೆರೆಸಿ ಹಲವರಿಗೆ ಒದಗಿಸುವುದು ಸುಲಭವಾಯಿತು. ಮನೆಯಲ್ಲಿಯೇ ಡಯಾಲಿಸಿಸ್ ನಡೆಸಲೂ ಇದು ಅನುಕೂಲವಾಯಿತು.

ಈ ಅನುಕೂಲದ ಬೆಲೆಯನ್ನು ಹೃದಯವು ತೆರಬೇಕಾಯಿತು. ಹೆಚ್ಚು ಸಾಮರ್ಥ್ಯದ ಶೋಧಕಗಳು ಬಂದಾಗ, ದೇಹವು ಮಾರ್ಪಡಿಸಬಲ್ಲ ವೇಗವನ್ನು ಮೀರಿ ಅಸಿಟೇಟ್ ರಕ್ತದಲ್ಲಿ ಶೇಖರವಾಗತೊಡಗಿತು. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುವುದು, ವಾಂತಿ, ತಲೆನೋವು, ಹೃದಯದ ಸಂಕುಚನ ಶಕ್ತಿ ಕುಗ್ಗುವುದು ಕಂಡುಬಂದವು. ಮೊದಲೇ ಹೃದಯ ದುರ್ಬಲವಾಗಿದ್ದವರಿಗೆ ತೊಂದರೆ ಅಧಿಕವಾಗಿತ್ತು. ಆದರೂ ಸ್ಕ್ರಿಬ್ನರ್ ಅವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಅಂದಿನ ಯಂತ್ರಗಳಲ್ಲಿ ಚಿಕಿತ್ಸೆಯನ್ನು ಹಲವರಿಗೆ ತಲುಪಿಸಲು ಅಸಿಟೇಟ್ ನೆರವಾಯಿತು.

1980ರ ದಶಕದಲ್ಲಿ, ಆಮ್ಲ ಮತ್ತು ಬೈಕಾರ್ಬನೇಟ್ ಸಾಂದ್ರಗಳನ್ನು ಪ್ರತ್ಯೇಕವಾಗಿರಿಸಿ ಬಳಕೆಯ ಕ್ಷಣದಲ್ಲಿ ಬೆರೆಸುವ ಯಂತ್ರಗಳು ವ್ಯಾಪಕವಾದವು. ಬೈಕಾರ್ಬನೇಟ್ ಮರಳಿ ಬಂದಿತು. ಇಂದು ಯಂತ್ರದ ಬಳಿ ಎರಡು ಬಗೆಯ ಸಾಂದ್ರಗಳು ಕಾಣುವುದು ಈ ಕಾರಣದಿಂದ. ದ್ರಾವಣದ ಪೊಟ್ಯಾಸಿಯಂ ತೀರಾ ಕಡಿಮೆಯಾದರೆ ಹೃದಯದ ಬಡಿತ ಏರುಪೇರಾಗಬಹುದು. ಸೋಡಿಯಂ ಹೆಚ್ಚಾದರೆ ಬಾಯಾರಿಕೆ ಮತ್ತು ದೇಹದ ನೀರಿನಂಶ ಏರುತ್ತವೆ. ಆದುದರಿಂದ ಪ್ರಮಾಣವನ್ನು ರೋಗಿಯ ರಕ್ತ ಪರೀಕ್ಷೆಗೆ ಅನುಗುಣವಾಗಿ ವೈದ್ಯರೇ ನಿರ್ಧರಿಸುತ್ತಾರೆ. ಊಟದ ಉಪ್ಪನ್ನು ಮಿತಗೊಳಿಸಿ, ದೇಹದ ಹೆಚ್ಚುವರಿ ನೀರನ್ನು ತೆಗೆದರೆ ರಕ್ತದೊತ್ತಡ ಹತೋಟಿಗೆ ಬರುತ್ತದೆ ಎಂಬುದನ್ನು ಸ್ಕ್ರಿಬ್ನರ್ ಅವರು ಮೊದಲ ರೋಗಿಗಳಲ್ಲಿಯೇ ಕಂಡುಕೊಂಡಿದ್ದರು.

2002ರಲ್ಲಿ ಡಾ. ವಿಲೆಂ ಕೋಲ್ಫ್ ಅವರೊಂದಿಗೆ ಲಾಸ್ಕರ್ ಪ್ರಶಸ್ತಿಗೆ ಪಾತ್ರರಾದ ಸ್ಕ್ರಿಬ್ನರ್, 2003ರ ಜೂನ್ ತಿಂಗಳಿನಲ್ಲಿ ಸಿಯಾಟಲ್‌ನಲ್ಲಿ ನಿಧನರಾದರು.